ಗ್ಯಾನಮ್ಮನಿಗೆ ಬಾರದ ವಾಸನೆ

ಜವಳಗೇರಾದ ಗದ್ದೆಗಳಲ್ಲಿ ನಾಟಿ ನಡೆದಿತ್ತು. ಹೆಣ್ಣುಮಕ್ಕಳೆಲ್ಲ ಸಾಲಾಗಿ ಬಗ್ಗಿ ಸಸಿ ಹಚ್ಚುವಾಗ ಗ್ಯಾನಮ್ಮನ ಎರಡೂ ಮಗ್ಗುಲಿಗೆ ಒಂದಾಳಿನ ಜಾಗ ಖಾಲಿ ಬಿಡುತ್ತಿದ್ದರು. ಬುತ್ತಿ ಬಿಚ್ಚಿದಾಗಲೂ ಅಷ್ಟೇ. ಮದುವೆಯಾಗಿ ಎರಡೇ ವರ್ಷ. ಗಂಡ ಮಾನಪ್ಪ ಹಾಸಿಗೆಯನ್ನು ಕಟ್ಟೆಯ ಮೇಲೆ ಹಾಸಿಕೊಳ್ಳತೊಡಗಿದ್ದ. ಕಡೆಗೊಂದು ದಿನ ಅತ್ತೆ ಬಾಯಿಬಿಟ್ಟಳು.

"ನಿನ್ನ ಮೂಗಿನಾಗ ಏನೋ ಕೊಳೆತೈತಿ ಬೇ. ಮನಿಯಾಗ ಕುಂದ್ರಾಕ ಆಗವಲ್ದು."

ಗ್ಯಾನಮ್ಮನಿಗೆ ಯಾವ ವಾಸನೆಯೂ ಬರುತ್ತಿರಲಿಲ್ಲ. ತನ್ನನ್ನು ಹೊರಗೆ ಹಾಕಲು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡು ಅತ್ತಳು. ೧೯೮೭ರ ದೀಪಾವಳಿಗೆ ಮೊದಲು ಮಾನಪ್ಪ ಆಕೆಯನ್ನು ಮಸ್ಕಿಯ ತವರಿಗೆ ಕರೆತಂದು ಬಿಟ್ಟು, ನೀರೂ ಕುಡಿಯದೆ ಹೊರಟುಹೋದ.

ತಾಯಿ ಮುದುಕಮ್ಮ ಗಂಡನಿಲ್ಲದ ಕೂಲಿ ಹೆಂಗಸು. ಮಗಳಿಗೆ ನಶ್ಯ ಏರಿಸಿ ನೋಡಿದಳು, ಕೆಂಡದ ಮೇಲೆ ಬೇರು ಹಾಕಿ ಹೊಗೆ ಕೊಟ್ಟಳು. ಮೂಗು ಇನ್ನಷ್ಟು ಒಣಗಿ ರಕ್ತ ಬಂತು.

ಓಣಿಗೆ ಸೂಜಿ ಹಾಕಲು ಬರುತ್ತಿದ್ದ ನರ್ಸಮ್ಮ ಶಾಕೀರಾ ಒಂದು ದಿನ ಗ್ಯಾನಮ್ಮನ ಮಗ್ಗುಲಲ್ಲೇ ಕೂತಳು. ಆಕೆ ಹಿಂದೆ ಸರಿಯಲಿಲ್ಲ.

"ಮೂಗಿನಾಗ ಸಿಂಬಳ ಒಣಗಿ ಹಕ್ಕಳೆ ಕಟ್ಟತೈತೇನವ್ವ? ಹಸಿರಂದು?"

"ಹೌದ್ರಿ."

"ನಿನಗ ವಾಸನಿ ಬರಂಗಿಲ್ಲ, ಹೌದಿಲ್ಲೋ? ಇದು ರೋಗ. ಮೂಗಿನ ಒಳಗ ಒಣಗಿ, ಹಕ್ಕಳೆ ಕಟ್ಟಿ ನಾರತೈತಿ. ರೋಗ ಇದ್ದಾಕಿಗೇ ಅದು ಗೊತ್ತಾಗಂಗಿಲ್ಲ."

ಗ್ಯಾನಮ್ಮ ತಲೆ ತಗ್ಗಿಸಿದಳು. ಅತ್ತೆ ಹೇಳಿದ್ದು ಖರೇನೇ ಎಂದು ತಿಳಿದಾಗ ಆಕೆಗೆ ಮೊದಲಿಗಿಂತ ಹೆಚ್ಚು ದುಃಖವಾಯಿತು.

ದೊಡ್ಡ ಊರಿನ ಮೂಗು-ಕಿವಿ ಡಾಕ್ಟರರು ತಿಂಗಳಿಗೊಮ್ಮೆ ಲಿಂಗಸುಗೂರಿಗೆ ಬಂದು ಇದೇ ರೋಗದ ಬಗ್ಗೆ ಸಂಶೋಧನೆ ಮಾಡುತ್ತಿದ್ದಾರೆ ಎಂದು ಶಾಕೀರಾ ತಿಳಿಸಿದಳು. ಅರ್ಧ ಮಂದಿಗೆ ಉಪ್ಪುನೀರಿನಿಂದ ಮೂಗು ತೊಳೆಯುವುದು ಮಾತ್ರ. ಇನ್ನರ್ಧ ಮಂದಿಗೆ ತೊಳೆದ ಮೇಲೆ ಹನಿ ಔಷಧ. ಯಾವುದರಿಂದ ಹೆಚ್ಚು ಗುಣವಾಗುತ್ತದೆ ಎಂದು ವರ್ಷಗಟ್ಟಲೆ ನೋಡುತ್ತಾರೆ.

ಮುದುಕಮ್ಮ ಸಿಡುಕಿದಳು. "ಔಷಧ ನೋಡಾಕ ಬಡವರ ಮೂಗ ಬೇಕೇನ್ರಿ ಅವರಿಗೆ? ನಮ್ಮ ಹುಡುಗಿಗೆ ಏನರ ಆದ್ರ ಯಾರ ಜವಾಬು?"

"ಇದನ್ನ ಡಾಕ್ಟರ್ ಮುಂದ ಕೇಳು ಯವ್ವ. ಒಪ್ಪಿಗಿ ಕಾಗದ ಓದಿ ಹೇಳೂತನಕ ಹೆಬ್ಬಟ್ಟು ಒತ್ತಬ್ಯಾಡ."

ಲಿಂಗಸುಗೂರಿನಲ್ಲಿ ಡಾಕ್ಟರಮ್ಮ ಕಾಗದವನ್ನು ನಿಧಾನಕ್ಕೆ ಓದಿ ಹೇಳಿದರು. ಹನಿ ಹಾಕಿದರೆ ಸ್ವಲ್ಪ ಉರಿಯಬಹುದು ಎಂಬುದನ್ನೂ ಮುಚ್ಚಿಡಲಿಲ್ಲ.

"ನಾವು ಒಲ್ಲೆವು ಅಂದ್ರ?" ಮುದುಕಮ್ಮ ಕೇಳಿದಳು.

"ಆಗಲೂ ಮೂಗು ತೊಳೆಯೋದು ಕಲಿಸಿ, ಮಾಮೂಲಿ ಔಷಧ ಕೊಟ್ಟೇ ಕಳಿಸ್ತೀವಿ. ಸೇರಿದ ಮೇಲೂ ನಡುವೆ ಬಿಟ್ಟು ಹೋಗಬಹುದು. ಯಾರೂ ಬಯ್ಯೋದಿಲ್ಲ."

"ಪೂರಾ ಆರಾಮ ಆಗತೈತೇನ್ರಿ?"

"ಹಾಗಂತ ಮಾತು ಕೊಡೋಕಾಗಲ್ಲಮ್ಮ. ನಾತ ಕಡಿಮೆಯಾಗುತ್ತೆ. ತೊಳೆಯೋದನ್ನ ಮಾತ್ರ ಯಾವತ್ತೂ ಬಿಡಬಾರದು."

ತಾಯಿ ಇನ್ನೂ ಯೋಚಿಸುತ್ತಿದ್ದಳು. ಗ್ಯಾನಮ್ಮ ತಾನೇ ಹೆಬ್ಬೆರಳು ಮುಂದೆ ಮಾಡಿದಳು. ಯಾರಿಗೆ ಯಾವುದು ಎಂದು ಚೀಟಿ ಎತ್ತಿದಾಗ ಆಕೆಗೆ ಬಂದದ್ದು ಬರೀ ಉಪ್ಪುನೀರು.

ದಿನಕ್ಕೆರಡು ಸಲ ಕುದಿಸಿ ಆರಿಸಿದ ನೀರಿಗೆ ಉಪ್ಪು, ಅಡುಗೆ ಸೋಡಾ ಹಾಕಿ, ಬಾಯಿ ತೆರೆದು ಬಗ್ಗಿ ಪಿಚಕಾರಿಯಿಂದ ಮೂಗು ತೊಳೆದಳು. ಹಕ್ಕಳೆ ಬಿದ್ದಾಗ ತನಗೇ ಹೇಸಿಗೆಯಾಗುತ್ತಿತ್ತು. ಪ್ರತಿ ತಿಂಗಳೂ ತಪ್ಪದೆ ಲಿಂಗಸುಗೂರಿಗೆ ಹೋದಳು. ಐದನೇ ತಿಂಗಳು ಬಸ್ಸಿನಲ್ಲಿ ಯಾರೋ ಅಪರಿಚಿತ ಹೆಂಗಸು ಆಕೆಗೆ ಒತ್ತಿ ಕೂತು ನಿದ್ದೆ ಹೋದಳು. ಗ್ಯಾನಮ್ಮ ಇಳಿಯುವವರೆಗೂ ಅಲುಗಾಡಲಿಲ್ಲ.

ಅದೇ ವಾರ ಜವಳಗೇರಾದಿಂದ ಸುದ್ದಿ ಬಂತು. ಮಾನಪ್ಪ ಇನ್ನೊಬ್ಬಳನ್ನು ಮಾಡಿಕೊಂಡಿದ್ದ.

ಅಂದು ಮುದುಕಮ್ಮ ಒಲೆ ಹಚ್ಚಲಿಲ್ಲ. ಮಗಳ ಮುಂದೆ ಕೂತು ಅಳತೊಡಗಿದಳು.

"ನಿನ್ನ ಲಗ್ನಕ್ಕಿಂತ ಮೊದಲೇ ನನಗ ವಾಸನಿ ಬಂದಿತ್ತವ್ವ. ಹೇಳಿದ್ರ ಯಾರೂ ಮಾಡ್ಕೊಳ್ಳಂಗಿಲ್ಲಂತ ಬಾಯಿ ಮುಚ್ಕೊಂಡೆ. ಈಗ ಆದಮ್ಮನ ಮೂಗಿನಾಗೂ ಹಂಗ ಬರಾಕತ್ತೈತಿ. ಅದನ್ನೂ ಮುಚ್ಚಿಟ್ಟೀನಿ."

ಆದಮ್ಮ ಗ್ಯಾನಮ್ಮನ ತಂಗಿ. ವಯಸ್ಸು ಹದಿನಾಲ್ಕು.

ಗ್ಯಾನಮ್ಮನಿಗೆ ತಾಯಿಯ ಮುಖ ನೋಡಲಾಗಲಿಲ್ಲ. ಆವತ್ತೇ ಹೇಳಿದ್ದರೆ ಈ ಗತಿ ಬರುತ್ತಿರಲಿಲ್ಲ ಎನಿಸಿತು. ಎದ್ದು ಒಲೆ ಹಚ್ಚುತ್ತ, "ಡಾಕ್ಟರ್ ಬರೂ ದಿನ ಮೊದಲ್ನೇ ಬಸ್ಸಿಗೇ ಆಕಿನ್ನ ಕರ್ಕೊಂಡು ಹೋಗೂಣು" ಎಂದಳು.

"ನಾನೇ ಕರ್ಕೊಂಡು ಹೋಗ್ತೀನಿ. ಕಾಗದ ನಾನೇ ಓದಿಸ್ಕೊಂತೀನಿ," ಎಂದಳು ಮುದುಕಮ್ಮ.

ಆದಮ್ಮನದು ಆಗಷ್ಟೇ ಶುರುವಾಗಿತ್ತು. ಮೂಗು ತೊಳೆಯತೊಡಗಿದ ಮೇಲೆ ಬೇಗ ಕಡಿಮೆಯಾಯಿತು. ಗ್ಯಾನಮ್ಮನಿಗೆ ಮಾತ್ರ ವಾಸನೆ ತಿಳಿಯುವ ಶಕ್ತಿ ತಿರುಗಿ ಬರಲಿಲ್ಲ, ಬಿಟ್ಟುಹೋದ ಮನೆಯೂ ಸಿಗಲಿಲ್ಲ. ಆಕೆ ಈಗಲೂ ದಿನಕ್ಕೆರಡು ಸಲ ಮೂಗು ತೊಳೆಯುತ್ತಾಳೆ, ಕೂಲಿಗೆ ಹೋಗುತ್ತಾಳೆ.

ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮೂಗು ನಾರುವುದು ಶಾಪವಲ್ಲ, ಹೊಲಸುತನವಲ್ಲ, ರೋಗ. ಹೊಗೆ ಕೊಡಬೇಡಿ, ನಶ್ಯ ಏರಿಸಬೇಡಿ. ಹಕ್ಕಳೆ, ರಕ್ತ, ನಾತ ಕಂಡರೆ ದವಾಖಾನೆಗೆ ಹೋಗಿ. ಸಂಶೋಧನೆಗೆ ಸೇರುತ್ತೀರಾ ಎಂದು ಡಾಕ್ಟರು ಕೇಳಿದರೆ ಹೆದರಿ ಓಡಬೇಡಿ, ಕೇಳದೆ ಹೆಬ್ಬಟ್ಟನ್ನೂ ಒತ್ತಬೇಡಿ. ಏನು ಮಾಡುತ್ತೀರಿ, ಏನು ತೊಂದರೆಯಾದೀತು, ಬೇಡವೆಂದರೆ ಏನು ಎಂದು ಕೇಳಿ. ಸೇರಿದ ಮೇಲೆ ಹೇಳಿದ ದಿನಕ್ಕೆ ತಪ್ಪದೆ ಹೋಗಿ.

ನಿಮ್ಮ ಮಗಳ ಮೂಗಿನ ನಾತ ಆಕೆಗೆ ತಿಳಿಯದೆ ಇರಬಹುದು. ನಿಮಗೆ ತಿಳಿಯುತ್ತದೆ. ಜನ ಆಕೆಯಿಂದ ದೂರ ಸರಿಯುವ ಮೊದಲೇ, ಹತ್ತಿರ ಕೂತು ನೀವೇ ಹೇಳಿ.