ಬೀಗರ ಕೊಸರು

"ಎಲ್ಲಾ ಹಸರೇ ಅದ ನೋಡ್ರಿ ಮಾಮಾ. ಕೆಂಪು ಅಂಬೂದು ಹುಡುಕಿದ್ರೂ ಸಿಗಂಗಿಲ್ಲ," ಎನ್ನುತ್ತ ಮಹಾದೇವ ತನ್ನ ಮೊಬೈಲನ್ನು ಮಾವನ ಕೈಗೆ ಕೊಟ್ಟ.

ಸಾಯಬಣ್ಣ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದರು. ಶುಕ್ರವಾರದ ಲಾಭ ಸಾವಿರದ ಇನ್ನೂರ ನಲವತ್ತು ರೂಪಾಯಿ ಎಂದು ಹಸಿರು ಅಕ್ಷರದಲ್ಲಿತ್ತು. ಪಕ್ಕದಲ್ಲೇ ಅಳಿಯ ಬಿಡಿಸಿಟ್ಟ ಡೈರಿ. ಐದು ತಿಂಗಳಿಂದ ದಿನದಿನದ ಲಾಭವನ್ನು ಮುತ್ತು ಪೋಣಿಸಿದಂತೆ ಬರೆದಿದ್ದ. ನಡುವೆ ನಷ್ಟದ ದಿನಗಳೂ ಇದ್ದವು. ಆದರೆ ಮಹಾದೇವ ಮನುಷ್ಯ ತಾನೇ, ಅವನ್ನು ಸ್ವಲ್ಪ ಸಣ್ಣ ಅಕ್ಷರದಲ್ಲಿ ಬರೆದಿದ್ದ.

ಆ ಭಾನುವಾರ ಬೆಳಿಗ್ಗೆ ಸಾಯಬಣ್ಣ ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸು ಹತ್ತಿ ಬಂದದ್ದೇ ಈ ಡೈರಿಯ ಸಲುವಾಗಿ. ಹಿಂದಿನ ದಿನ ಮಗಳು ನಾಗರತ್ನಾ ಫೋನು ಮಾಡಿ, "ಅಪ್ಪಾ, ಇವರು ಸೋಮವಾರ ನೌಕರಿಗಿ ರಾಜೀನಾಮೆ ಕೊಡ್ತಾರಂತ. ಮೊಬೈಲಿನ್ಯಾಗ ಶೇರು ಮಾರಿ ಸಂಸಾರ ನಡಸ್ತಾರಂತ. ನಮ್ಮ ಮಾವನವರು, 'ಮುನೀಮರು ಹೂಂ ಅಂದ್ರ ನಂದೂ ಹೂಂ' ಅಂದು ಕೂತಾರ. ಎಲ್ಲಾ ನಿಮ್ಮ ಮ್ಯಾಲೇ ಬಂದದ," ಎಂದಿದ್ದಳು.

ಮುನೀಮರು ಎಂದರೆ ಸಾಯಬಣ್ಣ. ಕಲಬುರಗಿಯ ಕಾಳುಪೇಟೆ ಗಂಜಿನಲ್ಲಿ ಒಂದು ಅಡತಿ ದಲಾಲಿ ಅಂಗಡಿಯ ಗಾದಿಯ ಮೇಲೆ ಮೂವತ್ತನಾಲ್ಕು ವರ್ಷ ಕುಳಿತು ರೈತರ ಪಟ್ಟಿ ಬರೆದವರು. ರೈತ ತಂದ ತೊಗರಿ ಎಷ್ಟು ತೂಗಿತು, ಯಾವ ದರಕ್ಕೆ ಹೋಯಿತು, ಹಮಾಲಿ ಎಷ್ಟು, ತೂಕದ ಕೂಲಿ ಎಷ್ಟು, ಎಲ್ಲ ಕಳೆದು ಕೈಗೆ ಬರುವುದೆಷ್ಟು ಎಂದು ಒಂದು ಚೀಟಿಯಲ್ಲಿ ಬರೆದುಕೊಡುವುದು ಅವರ ಕೆಲಸವಾಗಿತ್ತು. ಆ ಅಂಗಡಿಗೇ ತೊಗರಿ ಹಾಕುತ್ತಿದ್ದ ಕಮಲಾಪುರದ ಸಿದ್ದಣ್ಣ, ಮುನೀಮರ ಕೈ ಶುದ್ಧ ಎಂಬ ಒಂದೇ ಮಾತಿನ ಮೇಲೆ ಅವರ ಮಗಳನ್ನು ತನ್ನ ಮಗನಿಗೆ ತಂದುಕೊಂಡಿದ್ದ. ಅದಾಗಿ ಹದಿನೈದು ವರ್ಷ. ಈಗ ಸಿದ್ದಣ್ಣ ತೊಗರಿ ಬಿಟ್ಟು ಎರಡು ಎಕರೆಯಲ್ಲಿ ಕೆಂಪು ಬಾಳೆ ಬೆಳೆಯುತ್ತಾನೆ. ಬೀಗರು ಬಂದಾಗಲೆಲ್ಲ ಹೊರಡುವ ಹೊತ್ತಿಗೆ ಒಂದು ಚೀಲ ಹಣ್ಣು ಕೊಟ್ಟು, "ಡಜನ್ನಿಗಿ ಹನ್ನೆರಡು, ಬೀಗರಿಗಿ ಕೊಸರು ಎರಡು," ಎಂದು ನಗುವುದು ಅವನ ರೂಢಿ. ಹದಿನೈದು ವರ್ಷದಲ್ಲಿ ಆ ಹದಿನಾಲ್ಕು ಒಮ್ಮೆಯೂ ತಪ್ಪಿರಲಿಲ್ಲ.

ಮಹಾದೇವನಿಗೆ ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಕಡೆಗಿರುವ ಒಂದು ಪತ್ತಿನ ಸಂಘದಲ್ಲಿ ಗುಮಾಸ್ತಿಕೆ. ಆಫೀಸು ಹತ್ತರಿಂದ ಐದು. ಶೇರು ಪೇಟೆ ಒಂಬತ್ತೂಕಾಲರಿಂದ ಮೂರೂವರೆ. ಈ ಎರಡರ ಜಗಳದಲ್ಲಿ ಅವನು ಗಳಿಗೆಗೊಮ್ಮೆ ಮೊಬೈಲು ಹಿಡಿದು ಬಾತ್‌ರೂಮಿಗೆ ಹೋಗಬೇಕಾಗುತ್ತಿತ್ತು. ಮ್ಯಾನೇಜರರು ಪಾಪ, "ಒಮ್ಮಿ ಸಕ್ಕರಿ ಚೆಕ್ ಮಾಡಿಸ್ರಿ ಮಹಾದೇವ," ಎಂದು ಕಾಳಜಿ ತೋರಿಸಿದ್ದರು. ರಾಜೀನಾಮೆಯ ಕಾಗದ ಆಗಲೇ ಅಂಗಿಯ ಜೇಬಿನಲ್ಲಿತ್ತು.

"ಅದೇನು ಮಾಲು ಮಾರ್ತಿ, ನಿಮ್ಮ ಮಾಮಾಗ ಬಿಡಿಸಿ ಹೇಳು," ಎಂದ ಕಟ್ಟೆಯ ಮೇಲೆ ಕುಳಿತ ಸಿದ್ದಣ್ಣ. ಅವನು ಗೊನೆಯಿಂದ ಬಾಳೆಯ ಚಿಪ್ಪು ಬಿಡಿಸುತ್ತಿದ್ದ.

"ಮಾಲು ಇರಂಗೇ ಇಲ್ಲಪ್ಪಾ. ಆಪ್ಶನ್ ಅಂತಾರ. ತೊಗರಿ ಕೊಳ್ಳದೇ ಬರೀ ಮುಂಗಡದ ಸಂಚಕಾರ ಕೊಳ್ಳೂದು, ರೇಟು ಜರಾ ಏರ್ತು ಅಂದ್ರ ಆ ಸಂಚಕಾರಾನೇ ಮತ್ತೊಬ್ಬಗ ಮಾರೂದು. ಹಂಗ ತಿಳಕೋ."

ಸಾಯಬಣ್ಣನಿಗೆ ಅಷ್ಟು ಸಾಕಾಯಿತು. ಗಂಜಿನಲ್ಲಿ ಇಂಥದ್ದನ್ನು ಬಾಯಿಮಾತಿನಲ್ಲೇ ಮಾಡುವವರನ್ನು ಅವರು ಕಂಡಿದ್ದರು. ಡೈರಿಯನ್ನು ಮುಚ್ಚಿ ಕೇಳಿದರು, "ಪಟ್ಟಿ ಎಲ್ಲದ ಮಾದೇವಪ್ಪಾ?"

"ಯಾವ ಪಟ್ಟಿರೀ?"

"ಮಾರಿದ ಮ್ಯಾಲ ಒಂದು ಪಟ್ಟಿ ಬರಲೇಬೇಕಲ್ರೀ. ಕಡಿತ ಎಷ್ಟು, ಕೈಗಿ ಎಷ್ಟು ಅಂತ."

"ಓ, ಅದಾ? ದಿನಾ ಸಂಜಿಗಿ ಇಮೇಲಿಗಿ ಬರ್ತದ್ರೀ. ಪಾಸ್‌ವರ್ಡ್ ಹಾಕಿ ತೆರೀಬೇಕು, ಯಾರು ಕುಂಡ್ರತಾರ. ಎಕ್ಸ್‌ಚೇಂಜಿನವರು ಲಕ್ಷಕ್ಕ ಮೂವತ್ತೈದು ರೂಪಾಯಿ ಹಿಡೀತಾರ. ಚಿಲ್ಲರ್ ಬಿಡ್ರಿ ಮಾಮಾ."

ಚಿಲ್ಲರ್ ಎಂಬ ಮಾತು ಸಾಯಬಣ್ಣನಿಗೆ ಹೊಸದಲ್ಲ. ಅದನ್ನೇ ಅವರು ಎಷ್ಟು ರೈತರಿಗೆ, ಅದೇ ನಗುಮುಖದಲ್ಲಿ ಹೇಳಿರಲಿಲ್ಲ! "ತೆರೀರಿ, ನೋಡೋಣು," ಎಂದರು.

ಮಹಾದೇವ ತನ್ನ ಪ್ಯಾನ್ ನಂಬರು ಒತ್ತಿ ಶುಕ್ರವಾರದ ಪಟ್ಟಿ ತೆರೆದ. ನಾಗರತ್ನಾ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು ತಂದುಕೊಟ್ಟಳು. ಅಳಿಯ ಓದುತ್ತ ಹೋದ, ಮಾವ ಅದರ ಬೆನ್ನಿಗೆ ಬರೆಯುತ್ತ ಹೋದರು. ಕೊಂಡದ್ದು ಮಾರಿದ್ದು ಸೇರಿ ಮೂವತ್ತು ಸಲಕ್ಕೆ ಇಪ್ಪತ್ತರಂತೆ ದಲಾಲಿ ಆರುನೂರು. ಎಕ್ಸ್‌ಚೇಂಜಿನ ವಹಿವಾಟು ಶುಲ್ಕ ಮುನ್ನೂರ ತೊಂಬತ್ತನಾಲ್ಕು. ಮಾರಾಟದ ಮೇಲಿನ ತೆರಿಗೆ ಐನೂರ ಅರವತ್ತೆರಡು. ಜಿಎಸ್‌ಟಿ ನೂರ ಎಪ್ಪತ್ತೊಂಬತ್ತು. ಸ್ಟಾಂಪಿನದು ಹದಿನೇಳು.

"ಲಕ್ಷಕ್ಕ ಮೂವತ್ತೈದು ಅಂದ್ರಿ. ಇಲ್ಲಿ ಮುನ್ನೂರ ತೊಂಬತ್ತನಾಲ್ಕು ಅದ. ನೀವು ಹಾಕಿದ ಗಂಟು ಎಷ್ಟು?"

"ಮೂವತ್ತೇಳೂವರಿ ಸಾವಿರ್ರೀ."

"ಅದೇ ಗಂಟು ಮೂವತ್ತು ಸಲ ತಿರುಗಿ ಹನ್ನೊಂದು ಲಕ್ಷ ಆಗ್ಯದ. ಅವರು ಗಂಟು ನೋಡಂಗಿಲ್ಲ, ತಿರುಗಿದ್ದು ನೋಡ್ತಾರ." ಸಾಯಬಣ್ಣ ಕೂಡಿಸಿ ಕೆಳಗೆ ಗೆರೆ ಎಳೆದರು. ಖರ್ಚು ಸಾವಿರದ ಏಳುನೂರ ಐವತ್ತೆರಡು. ಹಸಿರು ಅಕ್ಷರದ ಲಾಭದಿಂದ ಅದನ್ನು ಕಳೆದರೆ, ಗೆದ್ದ ದಿನವೇ ಕೈಯಿಂದ ಐನೂರ ಹನ್ನೆರಡು ರೂಪಾಯಿ ಹೋಗಿತ್ತು.

ಮಹಾದೇವ ಗುರುವಾರದ್ದು ತೆರೆದ. ಬುಧವಾರದ್ದು ತೆರೆದ. ಹೀಗೆ ಹನ್ನೆರಡು ದಿನದ ಪಟ್ಟಿ ನೋಡಿದರೂ ಕಥೆ ಅದೇ. ತಿಂಗಳಿಗೆ ಹತ್ತು ಸಾವಿರ ಸಂಬಳದಿಂದ ಹಾಕುತ್ತ ಬಂದಿದ್ದ, ಹೀಗಾಗಿ ಖಾತೆ ಯಾವಾಗ ನೋಡಿದರೂ ತುಂಬಿದಂತೆ ಕಂಡಿತ್ತು. ಆ ಐವತ್ತು ಸಾವಿರ ಎಲ್ಲಿ ಹೋಯಿತೆಂದು ಈಗ ಗೊತ್ತಾಯಿತು. ಅವನ ಮುಖ ನೋಡಿ ಸಾಯಬಣ್ಣನಿಗೆ ಮರುಕವೆನಿಸಿತು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

"ಹಂಗಾದ್ರ ಗಂಟು ಸಣ್ಣದಾಗ್ಯದ ಅಂತ ಅರ್ಥ," ಎಂದ ಮಹಾದೇವ. "ನೌಕರಿ ಬಿಟ್ರ ಪಿಎಫ್ ರೊಕ್ಕ ಬರ್ತದ. ಮನ್ಯಾಗ ಕುಂತು ಲಕ್ಷ್ಯ ಕೊಟ್ಟು ಮಾಡಿದ್ರ ಈ ಖರ್ಚು ಮೀರಿ ಗಳಸ್ತೀನಿ. ಚಿಲ್ಲರಿಗಿ ಅಂಜಿ ಯಾರರೆ ವ್ಯಾಪಾರ ಬಿಡ್ತಾರೇನ್ರೀ? ನೀವೇ ಹೇಳ್ರಿ ಮಾಮಾ, ಗಂಜಿನ್ಯಾಗ ಚಿಲ್ಲರ್ ಕೊಟ್ಟು ಹಾಳಾದ ರೈತ ಯಾರರೆ ಅದಾನೇನ್ರೀ?"

"ಅದು ಖರೆ ಅದ," ಎಂದ ಸಿದ್ದಣ್ಣ, ಚಾಕುವನ್ನು ಕೆಳಗಿಟ್ಟು. "ಹದಿನೆಂಟು ವರ್ಷ ಮಾಲು ಹಾಕೀನಿ. ಕೊಡೂ ಚಿಲ್ಲರ್ ಕೊಟ್ಟೀನಿ. ಆದ್ರ ಬೀಗರು ನಮ್ಮ ಚೀಲದಾಗಿಂದು ಒಂದು ಕಾಳು ಹೆಚ್ಚು ಹಿಡಿದಿಲ್ಲ. ಬೀಗರ, ನೀವು ಹೂಂ ಅಂದ್ರ ಅವ ನಾಳಿಗಿ ಕಾಗದ ಕೊಡಲಿ. ಉಹೂಂ ಅಂದ್ರ ಯಾಕ ಅಂತ ಹೇಳ್ರಿ."

ಎಲ್ಲರೂ ಸಾಯಬಣ್ಣನ ಮುಖ ನೋಡಿದರು. ನಾಗರತ್ನಾ ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತಿದ್ದಳು. ಬರೀ ಉಹೂಂ ಎಂದರೆ ಅಳಿಯ ಕೇಳುವುದಿಲ್ಲವೆಂದು ಮುನೀಮರಿಗೆ ತಿಳಿದಿತ್ತು. ಅವನು ಕೇಳುವಂಥ ಮಾತು ಒಂದೇ ಒಂದು ಅವರ ಹತ್ತಿರ ಇತ್ತು. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಅವಳು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

"ಹಿಡಿದೀನಿ ಬೀಗರ," ಎಂದರು.

"ಏನಂದ್ರಿ?"

"ಸವಾಲ್ ಹಚ್ಚಿ ಹರಾಜು ಕೂಗೂಕಿಂತ ಮುಂಚೆ ಹಮಾಲ ಚೀಲಕ್ಕ ಕೈ ಹಾಕಿ ಒಂದು ಮುಷ್ಟಿ ತೊಗರಿ ನಮೂನಿ ತೆಗೀತಿದ್ದ, ನೆನಪದಲ್ರೀ? ಒಬ್ಬ ಖರೀದಿದಾರ ಬಂದ ಅಂದ್ರ ಒಂದು ಮುಷ್ಟಿ. ಮತ್ತೊಬ್ಬ ಬಂದ್ರ ಮತ್ತೊಂದು. ಅದು ತಿರುಗಿ ಚೀಲಕ್ಕ ಬೀಳ್ತಿರಲಿಲ್ಲ. ಗಾದಿ ಹಿಂದ ಒಂದು ಡಬ್ಬಿ ಇತ್ತು, ಅದಕ್ಕ ಬೀಳ್ತಿತ್ತು. ತೂಕ ಆಮ್ಯಾಲ. ಸಂಜಿ ಅನ್ನೂದ್ರಾಗ ಒಂದೂವರಿ ಚೀಲ ಆಗ್ತಿತ್ತು. ಅದರಾಗ ನಾಕಾಣೆ ಪಾಲು ನಂದು."

ಸಿದ್ದಣ್ಣ ಬಿಡಿಸಿದ ಚಿಪ್ಪನ್ನು ಪಕ್ಕಕ್ಕೆ ಸರಿಸಿದ.

"ನೀವು ವರ್ಷಕ್ಕ ನಲವತ್ತು ಚೀಲ ತರ್ತಿದ್ರಿ. ಚೀಲಕ್ಕ ಅರ್ಧ ಕಿಲೋ ಹಿಡಿದ್ರೂ ವರ್ಷಕ್ಕ ಇಪ್ಪತ್ತು ಕಿಲೋ. ಹದಿನೆಂಟು ವರ್ಷಕ್ಕ ಮೂರೂವರಿ ಕ್ವಿಂಟಲ್ ದಾಟ್ತದ. ತೆನೆ ತೆನೆ ಗೂಡಿದರ ಬಳ್ಳ ಅಂತಾರಲ್ಲ, ನಮ್ಮ ಬಳ್ಳ ಹಂಗ ತುಂಬ್ತು." ಸಾಯಬಣ್ಣ ಕನ್ನಡಕ ತೆಗೆದು ಮಡಿಸಿದರು. "ನಾಗರತ್ನಾನ ಮದಿವ್ಯಾಗ ಹಾಕಿದ ಬಂಗಾರದ ಬೋರಮಾಳ ಸರ ಆ ಡಬ್ಬೀದು."

ಮಗಳ ಕೈ ತಾನಾಗಿ ಕೊರಳಿಗೆ ಹೋಯಿತು. ಸಾಯಬಣ್ಣ ಅತ್ತ ನೋಡದೆ ಅಳಿಯನ ಕಡೆ ತಿರುಗಿದರು. ಅಲ್ಲಿ ನೋಡಿದ್ದರೆ ಮುಂದಿನ ಮಾತು ಹೊರಡುತ್ತಿರಲಿಲ್ಲ.

"ಚಿಲ್ಲರ್ ಕೊಟ್ಟು ಹಾಳಾದ ರೈತ ಯಾರಿಲ್ಲ ಅಂದ್ರಿ. ಖರೆ ಅದ ಮಾದೇವಪ್ಪಾ. ಯಾಕಂದ್ರ ರೈತ ವರ್ಷಕ್ಕ ಒಮ್ಮಿ ಗಂಜಿಗಿ ಬರ್ತಿದ್ದ. ಅವನ ಚೀಲದಾಗ ಒಂದು ದಿನ ಕೈ ಬೀಳ್ತಿತ್ತು. ನೀವು ಅದೇ ಚೀಲ ಹೊತ್ತಗೊಂಡು ದಿನಕ್ಕ ಮೂವತ್ತು ಸಲ ಗಂಜಿಗಿ ಹೋಗ್ಲಿಕತ್ತೀರಿ. ಚೀಲ ದೊಡ್ಡದು ಒಯ್ದ್ರ ಮುಷ್ಟೀನೂ ದೊಡ್ಡದಾಗ್ತದ. ಗಾದಿ ಮ್ಯಾಲ ಕುಂತಾವ ನಾನು. ನನಗ ಗೊತ್ತದ, ರೇಟು ಏರಲಿ ಇಳೀಲಿ, ಡಬ್ಬಿ ತುಂಬೂದು ಒಂದು ದಿನಾನೂ ತಪ್ಪಲಿಲ್ಲ."

ಅಂಗಳದಲ್ಲಿ ಕೋಳಿಯೊಂದು ಬಾಳೆಸಿಪ್ಪೆ ಕೆದರುತ್ತಿತ್ತು. ಸಿದ್ದಣ್ಣ ಎದ್ದ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ, ಚಪ್ಪಲಿ ಮೆಟ್ಟಿದ, ಯಾರ ಕಡೆಗೂ ನೋಡದೆ ತೋಟದ ದಾರಿ ಹಿಡಿದ. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಮಹಾದೇವ ಕ್ಯಾಲೆಂಡರಿನ ಹಾಳೆಯನ್ನು ಮುಂದಿಟ್ಟುಕೊಂಡು ಸಂಜೆಯವರೆಗೆ ಒಂದೊಂದೇ ಪಟ್ಟಿ ತೆರೆದು ಕೂಡಿಸುತ್ತ ಕುಳಿತ. ಸಾಯಬಣ್ಣ ಆವತ್ತೇ ಹೊರಟುಬಿಡಬೇಕೆಂದಿದ್ದರು, ನಾಗರತ್ನಾ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಚಹ ಕೊಡುವಾಗ ಅವಳು ಮೆಲ್ಲಗೆ, "ಹೇಳಬಾರ್ದಿತ್ತು ಅಂತ ನಾ ಅನ್ನಂಗಿಲ್ಲಪ್ಪಾ," ಎಂದಳು. ಮತ್ತೇನೋ ಹೇಳಲು ಬಾಯಿ ತೆರೆದವಳು ಕಪ್ಪು-ಬಸಿಯನ್ನು ಸರಿಸಿಟ್ಟು ಒಳಗೆ ಹೋದಳು. ಬೋರಮಾಳ ಅವಳ ಕೊರಳಲ್ಲೇ ಇತ್ತು. ಅದಕ್ಕೆ ಸಮಾಧಾನಪಡಬೇಕೋ ನಾಚಬೇಕೋ ಸಾಯಬಣ್ಣನಿಗೆ ತಿಳಿಯಲಿಲ್ಲ.

ಎಂಟರ ಬಸ್ಸಿಗೆ ಮಾವ ಅಳಿಯ ಇಬ್ಬರೂ ಹತ್ತಿದರು. ಮಹಾದೇವನ ಕೈಯಲ್ಲಿ ಊಟದ ಡಬ್ಬಿ ಇತ್ತು. ಜೇಬಿನಲ್ಲಿ ಕಾಗದವಿರಲಿಲ್ಲ. "ಆಪ್ ತೆಗೆದು ಹಾಕೀನ್ರೀ," ಎಂದ, ಅಷ್ಟೇ. ಕಂಡಕ್ಟರು ಚಿಲ್ಲರೆ ಇಲ್ಲವೆಂದು ಬಾಕಿ ಐದು ರೂಪಾಯಿಯನ್ನು ಟಿಕೆಟಿನ ಬೆನ್ನಿಗೆ ಬರೆದುಕೊಟ್ಟಾಗ ಅವನು ಆ ಟಿಕೆಟನ್ನು ಜೇಬಿಗೆ ಹಾಕದೆ ಬೆರಳಲ್ಲೇ ಹಿಡಿದುಕೊಂಡು ಕುಳಿತ.

ಬಸ್ಸು ಇನ್ನೇನು ಹೊರಡಬೇಕು, ಸಿದ್ದಣ್ಣ ರಸ್ತೆ ದಾಟಿ ಬರುವುದು ಕಂಡಿತು. ಧೋತರದ ಅಂಚಿಗೆ ತೋಟದ ಕೆಸರು ಹತ್ತಿತ್ತು. ಕಿಟಕಿಯ ಕೆಳಗೆ ನಿಂತು ಕೈಚೀಲವನ್ನು ಮೇಲಕ್ಕೆತ್ತಿ ಕೊಟ್ಟ. ಸಾಯಬಣ್ಣ ಎರಡೂ ಕೈಯಿಂದ ಇಸಿದುಕೊಂಡರು.

"ಹೋಗಿ ಬರ್ರಿ ಬೀಗರ," ಎಂದ ಸಿದ್ದಣ್ಣ. ನಗಲಿಲ್ಲ. ಕೊಸರಿನ ಮಾತನ್ನೂ ಎತ್ತಲಿಲ್ಲ. ಆದರೂ ಬಸ್ಸು ತಿರುವು ದಾಟುವವರೆಗೆ ಅಲ್ಲೇ ನಿಂತಿದ್ದ.

ಮುನೀಮರ ಬೆರಳು ಸುಮ್ಮನಿರಲಿಲ್ಲ. ಚೀಲದೊಳಗೆ ಕೈಯಿಟ್ಟು, ಹೊರಗೆ ನೋಡುತ್ತಲೇ ಒಂದೊಂದು ಹಣ್ಣನ್ನು ಮುಟ್ಟಿ ಎಣಿಸಿದವು. ಹನ್ನೆರಡು. ತಪ್ಪಿರಬಹುದೆಂದು ಆ ತುದಿಯಿಂದ ಮತ್ತೊಮ್ಮೆ ಎಣಿಸಿದರು. ಸರಿಯಾಗಿ ಹನ್ನೆರಡು.

"ಮ್ಯಾಲ ಇಡ್ಲೇನ್ರೀ ಮಾಮಾ?" ಎಂದು ಮಹಾದೇವ ಚೀಲಕ್ಕೆ ಕೈ ಚಾಚಿದ.

"ಬ್ಯಾಡ, ಇರಲಿ," ಎಂದರು ಸಾಯಬಣ್ಣ. ಕಲಬುರಗಿ ಬರುವವರೆಗೂ ಅದನ್ನು ತೊಡೆಯ ಮೇಲೆಯೇ ಹಿಡಿದುಕೊಂಡಿದ್ದರು.