ಅರ್ಧ ಲೋಡು

ತೋಂಟದಾರ್ಯನ ಜೀಪಿಗೆ ಅದು ಮೂರನೆಯ ಜೊತೆ ಆರ್ಮು. ಹಿಂದಿನ ಆಕ್ಸಲ್ಲನ್ನು ಚಾಸಿಗೆ ಹಿಡಿದಿಡುವ, ಮೊಳದುದ್ದದ ಕಬ್ಬಿಣದ ತೋಳು. ಕಂಪನಿಯವರು ಹಾಕಿ ಕೊಟ್ಟದ್ದು ಗಟ್ಟಿಯಾಗಿಯೇ ಇತ್ತು. ಆದರೆ ನೆಲಕ್ಕೂ ಜೀಪಿನ ಹೊಟ್ಟೆಗೂ ನಡುವೆ ಇನ್ನಷ್ಟು ಜಾಗ ಬೇಕೆಂಬ ಚಪಲ ಐವತ್ತು ದಾಟಿದ ಮೇಲೆ ಅವನಿಗೆ ಹತ್ತಿತು. ಆ ವಯಸ್ಸಿನಲ್ಲಿ ಬೇರೆಯವರಿಗೆ ಬೇರೇನೇನೋ ಹತ್ತುತ್ತದೆ. ಸ್ಪ್ರಿಂಗ್ ಎತ್ತರಿಸಿದ. ಸ್ಪ್ರಿಂಗ್ ಎತ್ತರವಾದರೆ ಆರ್ಮು ಉದ್ದವಾಗಬೇಕು. ಫೋನಿನಲ್ಲಿ ನೋಡಿ ತರಿಸಿದ ಮೊದಲ ಜೊತೆ ಹಳ್ಳದ ಕಲ್ಲಿಗೆ ತಾಗಿ ಬಾಗಿತು. ಎರಡನೆಯದು ಬೆಸುಗೆಯ ಬಳಿ ಬಿರಿಯಿತು. ಅದೂ ತೆಂಗಿನಕಾಯಿ ತುಂಬಿಕೊಂಡು ಬರುವಾಗ, ಅದೂ ಹೆಂಡತಿ ಪಕ್ಕದಲ್ಲಿ ಕೂತಿದ್ದಾಗ.

ಸರ್ವಮಂಗಳ ಅವತ್ತು ಕೂಗಾಡಲಿಲ್ಲ. ದಾರಿ ಬದಿಯ ಕಲ್ಲಿನ ಮೇಲೆ ಕೂತು, ಚಪ್ಪಲಿಯ ಮಣ್ಣು ಕೊಡವುತ್ತ ಹೇಳಿದಳು: "ಇನ್ನೊಂದು ಸಲ ಅಷ್ಟೇ ಕಣ್ರೀ. ಮತ್ತೆ ಕೆಟ್ಟು ನಿಂತ್ರೆ ಇದನ್ನ ಕೊಟ್ಟು ಗೂಡ್ಸ್ ಆಟೋ ತರೋದು. ನಂಗೆ ಬೇಕಾಗಿರೋದು ಕಾಯಿ ಅಟ್ಟ ಸೇರೋದು."

ದಬ್ಬೇಘಟ್ಟದ ತೋಟ ಅವಳ ತವರಿನ ಪಾಲು. ಅಲ್ಲಿನ ಕಾಯಿ ಬಿಳಿಗೆರೆಯ ಮನೆಯ ಅಟ್ಟಕ್ಕೆ ಬಂದು, ಒಣಗಿ ಕೊಬ್ಬರಿಯಾಗುತ್ತದೆ. ಜೀಪು ಬಂದದ್ದೂ ಆ ಕೊಬ್ಬರಿಯಿಂದಲೇ. ತೋಂಟದಾರ್ಯ ಒಪ್ಪಿ ಮೂರನೆಯ ಜೊತೆ ತರಿಸಿದ.

ಮೂರನೆಯ ಜೊತೆಯ ಡಬ್ಬದ ಮೇಲೆ ಬಂಡೆ ಏರುತ್ತಿರುವ ಗಾಡಿಯ ಚಿತ್ರವಿತ್ತು, ಜೀವಮಾನದ ಬಾಳಿಕೆ ಎಂಬ ಭರವಸೆಯಿತ್ತು. ಯಾರ ಜೀವಮಾನ ಎಂದು ಬರೆದಿರಲಿಲ್ಲ.

ಅದನ್ನು ಹಾಕಿಸಲು ತಿಪಟೂರಿನ ಕಾಂತೇಶನ ಗ್ಯಾರೇಜಿಗೆ ಹೋದ ದಿನ ಜೀಪಿನ ತುಂಬ ಕಾಯಿ. ದಬ್ಬೇಘಟ್ಟದಿಂದ ಬಿಳಿಗೆರೆಗೆ ಹೋಗುವ ದಾರಿಯಲ್ಲೇ ಕೆಲಸ ಮುಗಿಸುವ ಲೆಕ್ಕಾಚಾರ ಅವನದು. ಕಾಂತೇಶ ಬಗ್ಗಿ ನೋಡಿ ಸೊಂಟ ಹಿಡಿದುಕೊಂಡ.

"ಕಾಯಿ ಇಳಿಸ್ಬೇಕಾಯ್ತದೆ, ಅಣ್ಣಾವ್ರೇ. ಬೋಲ್ಟು ಕಡೇಲಿ ಬಿಗಿಯೋವಾಗ ಗಾಡಿ ಹೆಂಗೆ ನಿಂತಿರ್ತದೋ, ಆರ್ಮಿನ ತುದೀಲಿರೋ ರಬ್ಬರ್ ಬುಷ್ಷು ಹಂಗೇ ಕೂರ್ತದೆ."

"ಇಳ್ಸಿ ಮತ್ತೆ ತುಂಬೋರ್ಯಾರಪ್ಪ? ನೀನು ತುಂಬ್ತೀಯಾ?"

"ನಾನ್ಯಾಕ್ ತುಂಬ್ಲಿ?"

"ಮತ್ತೆ? ನೆಲದ ಮೇಲೇ ತಾನೆ ನಿಂತಿರೋದು, ಬಿಗಿ."

ಕಾಂತೇಶನಿಗೆ ಬೆಳಗಿನಿಂದ ಅದು ಐದನೆಯ ಗಾಡಿ. ಈ ಸೀಮೆಯಲ್ಲಿ ಕಾಯಿ ಇಳಿಸಿ ಗ್ಯಾರೇಜಿಗೆ ಬಂದ ಗಾಡಿಯನ್ನು ಅವನಂತೂ ಕಂಡಿರಲಿಲ್ಲ. ಬಿಗಿದ.

ವಾರವೆಲ್ಲ ಜೀಪು ಮಗುವಿನಂತೆ ನಡೆದುಕೊಂಡಿತು. ಕಾಯಿ ತುಂಬಿ ಹಳ್ಳ ದಾಟಿತು, ಬದು ಹತ್ತಿತು, ಎಲ್ಲೂ ತಳ ತಾಗಲಿಲ್ಲ. ಸರ್ವಮಂಗಳ ಕೂಡ "ಪರವಾಗಿಲ್ವೇ" ಎಂದಳು. ಭಾನುವಾರ ಅವನು ಜೀಪನ್ನು ಗುಡಿಸಿ ಖಾಲಿ ಮಾಡಿಕೊಂಡು, ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಕ್ಕೆ ಹೊರಟ. ಅಲ್ಲಿ ಮೋಜಿಗೆಂದು ಗಾಡಿ ಹತ್ತಿಸಲು ಸೇರುವವರಲ್ಲಿ ಅವನೇ ಹಿರಿಯ. ಉಳಿದವರು ಅವನನ್ನು ಅಂಕಲ್ ಎನ್ನುತ್ತಿದ್ದರು. ಅದನ್ನು ಅವನು ನುಂಗಿಕೊಂಡಿದ್ದ.

ಮೊದಲ ಏರಿನಲ್ಲೇ ಹಿಂದಿನಿಂದ ಕಿರುಗುಟ್ಟುವ ಸದ್ದು. ಎರಡನೆಯ ಏರಿನಲ್ಲಿ ಜೀಪು ಎಡಕ್ಕೆ ಎಳೆಯಿತು. ಮೂರನೆಯದರಲ್ಲಿ ಧಡ್ ಎಂದಿತು. ತೋಂಟದಾರ್ಯ ಇಳಿದು, ಮಣ್ಣಿನಲ್ಲಿ ಅಂಗಾತ ಮಲಗಿ ನೋಡಿದ. ಆರ್ಮಿಗೆ ಒಂದು ಗೀರೂ ಇಲ್ಲ. ಅದರ ತುದಿಯೊಳಗಿನ ರಬ್ಬರ್ ಬುಷ್ಷು ತಿರುಚಿಕೊಂಡು ಹರಿದಿತ್ತು. ಮಲಗಿದವನಿಗೆ ಏಳಲು ಮನಸ್ಸಾಗಲಿಲ್ಲ. ಅಲ್ಲಿ ನೆರಳಿತ್ತು, ಯಾರೂ ಅಂಕಲ್ ಎನ್ನುತ್ತಿರಲಿಲ್ಲ.

ನಿಧಾನ ಓಡಿಸಿಕೊಂಡು ಮನೆಗೆ ಬಂದ. ಆದದ್ದನ್ನು ಜೀಪಿನ ಸದ್ದೇ ಹೇಳಿತು. ಸೋಮವಾರ ಗ್ಯಾರೇಜಿಗೆ ಸರ್ವಮಂಗಳಳೂ ಬಂದಳು. ಅಲ್ಲಿಂದ ಮುಂದಕ್ಕೆ ಗೂಡ್ಸ್ ಆಟೋ ಮಾರುವ ಅಂಗಡಿಗೆ ಹೋಗುವುದೆಂದು ತೀರ್ಮಾನವಾಗಿತ್ತು, ತೀರ್ಮಾನಿಸಿದ್ದು ಅವಳು.

ಕಾಂತೇಶ ಹರಿದ ಬುಷ್ಷನ್ನು ಅಂಗೈಯಲ್ಲಿ ತಿರುಗಿಸಿ ನೋಡಿದ. "ಆರ್ಮಿಂದೇನೂ ತಪ್ಪಿಲ್ಲ, ಅಕ್ಕಾವ್ರೇ. ಗಾಡಿ ಹೊರೆ ಹೊತ್ತಿದ್ದಾಗ ಬೋಲ್ಟು ಬಿಗಿದ್ನಲ್ಲ. ಹೊರೆ ಇಳೀತು, ಜೀಪು ಮೇಲಕ್ಕೆದ್ದಿತು, ರಬ್ಬರು ತಿರುಚ್ಕೊಂಡೇ ಇತ್ತು. ಅದರ ಮೇಲೆ ಗುಡ್ಡ."

"ಅಂದ್ರೆ ಕಾಯಿ ಹೊರೋಕಾದ್ರೆ ಸರಿಯಿತ್ತು?"

"ಹ್ಞೂಂ. ಕಾಯಿಗೆ ಬಲು ಚೆನ್ನಾಗಿತ್ತು."

"ಖಾಲಿ ಇದ್ದಾಗ ಬಿಗಿದಿದ್ರೆ?"

"ಗುಡ್ಡಕ್ಕೆ ಸರಿ. ಕಾಯಿ ತುಂಬ್ದಾಗ ಇದೇ ಕತೆ."

ಸರ್ವಮಂಗಳ ಗಂಡನ ಕಡೆ ತಿರುಗಿದಳು. "ಕಾಯಿ ಇಳ್ಸಿ ಅಂತ ಕಾಂತೇಶ ಹೇಳಿರ್ಲಿಲ್ವಾ?"

"ಹೇಳಿದ್ದ," ಎಂದ ತೋಂಟದಾರ್ಯ. ಸುಳ್ಳು ಹೇಳುವಷ್ಟು ಚೈತನ್ಯವೂ ಉಳಿದಿರಲಿಲ್ಲ. "ನಂಗೇ ಸಾಕಾಗಿತ್ತು ಕಣೇ. ಇಳಿಸೋದು, ತುಂಬೋದು, ಅಟ್ಟಕ್ಕೆ ಏರ್ಸೋದು, ಆಮೇಲೆ ಮತ್ತೆ ಇಳ್ಸೋದು. ವಾರಕ್ಕೊಂದು ದಿನ ಖಾಲಿ ಗಾಡಿ ಓಡಿಸ್ಬೇಕು ಅನ್ಸುತ್ತೆ. ಬುಡು, ಆಟೋ ನೋಡೋಣ ನಡಿ."

ಅವಳು ನಡೆಯಲಿಲ್ಲ. "ಎರಡಕ್ಕೂ ಆಗೋ ಹಂಗೆ ಬಿಗಿಯೋಕೆ ಬರಲ್ವೇನಪ್ಪ?" ಎಂದು ಕಾಂತೇಶನನ್ನು ಕೇಳಿದಳು.

"ಅರ್ಧ ಲೋಡಿನಾಗೆ ಬಿಗಿದ್ರೆ ಎರಡೂ ಕಡೆ ಅಷ್ಟಷ್ಟೇ ತಿರುಚ್ತದೆ, ತಡೀತದೆ. ಹೊಸ ಬುಷ್ಷು ಐತೆ. ಆದ್ರೆ ನೀವು ಇವತ್ತು ಖಾಲಿ ತಂದಿದ್ದೀರಿ."

ಹೊಸ ಬುಷ್ಷು ಕೂರಿಸಿ, ಗ್ಯಾರೇಜಿನಲ್ಲಿದ್ದ ಹಳೆಯ ಗೇರ್ ಬಾಕ್ಸ್ ಎರಡನ್ನು ಭಾರಕ್ಕೆಂದು ಜೀಪಿನ ಹಿಂದೆ ಎತ್ತಿಟ್ಟರು. ಕಾಂತೇಶ ಚಕ್ರದ ಮೇಲಿನ ಜಾಗವನ್ನು ಟೇಪಿನಲ್ಲಿ ಅಳೆದು ತಲೆಯಲ್ಲಾಡಿಸಿದ. ಜೀಪು ಇನ್ನೂ ಇಳಿಯಬೇಕು. ಸರ್ವಮಂಗಳ ವ್ಯಾನಿಟಿ ಬ್ಯಾಗನ್ನು ಗಂಡನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನಿಂದ ಹತ್ತಿ ಗೇರ್ ಬಾಕ್ಸುಗಳ ನಡುವೆ ಕೂತಳು.

"ನಾನೂ ಹತ್ಲಾ?" ಎಂದ ತೋಂಟದಾರ್ಯ.

"ಬೇಡಿ," ಎಂದ ಕಾಂತೇಶ ಕೆಳಗಿನಿಂದ. "ನೀವು ಹತ್ತಿದ್ರೆ ಮುಕ್ಕಾಲಾಗೋಯ್ತದೆ."

ಸ್ಪ್ಯಾನರ್ ಕಿರುಗುಟ್ಟತೊಡಗಿತು. ಸರ್ವಮಂಗಳ ಕಬ್ಬಿಣದ ನಡುವೆ, ಮದುವೆ ಮನೆಯಲ್ಲಿ ಕೂತವಳಂತೆ ನೆಟ್ಟಗೆ ಕೂತಿದ್ದಳು.

"ಆ ಗುಡ್ಡದ ಮೇಲೆ ಏನೈತ್ರೀ ಅಂಥಾದ್ದು?" ಎಂದಳು.

ತೋಂಟದಾರ್ಯ ಯೋಚಿಸಿದ. "ಏನೂ ಇಲ್ಲ ಕಣೇ. ಒಂದು ತೆಂಗಿನ ಮರಾನೂ ಇಲ್ಲ."

ಅವಳು ಅಲ್ಲಾಡದಂತೆ ಎಚ್ಚರ ವಹಿಸಿ, "ಈ ಭಾನುವಾರ ನಾನೂ ಬತ್ತೀನಿ," ಎಂದಳು.