ಹದಿನೇಳನೇ ಕೋಣೆಯ ಫ್ಯಾನು

೨೦೧೯ರ ಮಾರ್ಚ್ ಹದಿನಾಲ್ಕು, ಗುರುವಾರ, ಬೆಳಿಗ್ಗೆ ಹತ್ತೂ ಕಾಲಿಗೆ ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಹದಿನೇಳನೇ ಕೋಣೆಯ ಫ್ಯಾನು ರಿಪೇರಿ ಮುಗಿಸಿ ಏಣಿಯಿಂದ ಇಳಿದ. ಆ ಕೋಣೆ ಆಪ್ತಸಮಾಲೋಚಕಿಯದು. ನಾಲ್ಕು ವರ್ಷದಿಂದ ಫ್ಯಾನು ಕಟಕಟ ಎನ್ನುತ್ತಿತ್ತು. ಅವಳು ಏಳು ಸಲ ಅರ್ಜಿ ಬರೆದಿದ್ದಳು.

“ಗಾಳಿಗಿಂತ ಮಾತೇ ಜಾಸ್ತಿ ಇತ್ತು ಮೇಡಂ ಇದರದ್ದು,” ಎಂದ ಅವನು, ಕೈಯ ಗ್ರೀಸು ಒರೆಸಿಕೊಳ್ಳುತ್ತಾ. “ಬಾಯಿ ಮುಚ್ಚಿಸಿದ್ದೀನಿ. ಇನ್ಮೇಲೆ ಸೂಜಿ ಬಿದ್ರೂ ಕೇಳುತ್ತೆ.”

“ನಿಮ್ಮ ಬಾಯಿ ಮುಚ್ಚಿಸೋರು ಯಾರಾದ್ರೂ ಇದ್ದಾರಾ?”

“ಇದ್ದಾಳೆ ಮೇಡಂ, ಮನೇಲಿ.”

ಅವಳು ನಕ್ಕು ಸಹಿ ಹಾಕಿ ಕಳಿಸಿದಳು.

ಗುಟ್ಟು ಕಾಯುವ ವಿಷಯದಲ್ಲಿ ಅವಳಷ್ಟು ಕಟ್ಟುನಿಟ್ಟಿನವರು ಆ ಆಸ್ಪತ್ರೆಯಲ್ಲಿ ಇನ್ನೊಬ್ಬರಿರಲಿಲ್ಲ. ಫೈಲಿನ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಕಬ್ಬಿಣದ ಬೀರುವಿಗೆ ಎರಡು ಬೀಗ. ತನ್ನ ಬಳಿ ಬಂದುಹೋದವರು ಬೀದಿಯಲ್ಲಿ ಎದುರಾದರೆ, ಅವರಾಗಿ ಮಾತಾಡಿಸುವವರೆಗೆ ಅವಳು ಗುರುತಿಸುತ್ತಿರಲಿಲ್ಲ. ಮನೆಯಲ್ಲಿ ಅಕ್ಕ, “ಇವಳ ಹೊಟ್ಟೆಗೆ ಕಲ್ಲು ಹಾಕಿದ್ರೂ ಸದ್ದು ಬರಲ್ಲ,” ಎಂದು ರೇಗಿಸುತ್ತಿದ್ದಳು. ಆದರೆ ಕೋಣೆಯ ಹೊರಗಿನ ಬೆಂಚಿನ ಮೇಲೆ ಅವಳು ಒಂದು ದಿನವೂ ಕೂತಿರಲಿಲ್ಲ. ತನ್ನ ಕೋಣೆಯ ಮುಂದೆ ತಾನೇ ಯಾಕೆ ಕಾಯಬೇಕು? ಕೋಣೆಯೆಂದರೂ ಅದು ಹಳೆಯ ಉಗ್ರಾಣದ ಒಂದು ಮೂಲೆ. ಪ್ಲೈವುಡ್ಡಿನ ಅಡ್ಡಗೋಡೆ ಚಾವಣಿಗೆ ಒಂದು ಗೇಣು ಕೆಳಗೇ ನಿಂತಿತ್ತು, ಗಾಳಿಯಾಡಲೆಂದು.

ಅದೇ ದಿನ ಹನ್ನೊಂದೂ ಇಪ್ಪತ್ತಕ್ಕೆ ನಾಲ್ಕು ತಿಂಗಳ ಬಾಣಂತಿಯೊಬ್ಬಳು ಬಂದಳು. ಜೊತೆಗೆ ಅತ್ತೆ, ಅತ್ತೆಯ ಹೆಗಲ ಮೇಲೆ ಮಲಗಿದ್ದ ಕೂಸು.

“ರಾತ್ರಿಯೆಲ್ಲ ಕಣ್ಣು ಬಿಟ್ಕೊಂಡು ಕೂತಿರ್ತಾಳೆ ಡಾಕ್ಟ್ರಮ್ಮ,” ಎಂದರು ಅತ್ತೆ. “ಒಂದು ಟಾನಿಕ್ಕು ಗೀನಿಕ್ಕು ಬರೆದುಕೊಡಿ.”

“ನಾನು ಡಾಕ್ಟರಲ್ಲಮ್ಮ. ಮಾತಾಡೋದಷ್ಟೇ ನನ್ನ ಕೆಲಸ. ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ.”

“ಮಾತಿಗೂ ಸಂಬಳ ಕೊಡ್ತಾರಾ!” ಎನ್ನುತ್ತಾ ಅವರು ಹೊರಗೆ ಹೋದರು.

ಬಾಗಿಲು ಹಾಕಿದ ಮೇಲೂ ಸೊಸೆ ಅದರ ಕಡೆಗೇ ನೋಡುತ್ತಿದ್ದಳು. “ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ,” ಎಂದಳು ಸಮಾಲೋಚಕಿ. “ನಿಮ್ಮ ಒಪ್ಪಿಗೆ ಇಲ್ಲದೆ ಕೋರ್ಟು ಕೇಳಿದ್ರೂ ನಾನು ಬಾಯಿ ಬಿಡಲ್ಲ. ಕಾನೂನೇ ಹಾಗಿದೆ.”

ಆಮೇಲೆ ಸೊಸೆ ಹೇಳಿದಳು. ಹೋದ ಸೋಮವಾರ ಮನೆಯಲ್ಲಿ ಯಾರೂ ಇರಲಿಲ್ಲ. ಮಗು ಅಳುತ್ತಲೇ ಇತ್ತು. ತೊಟ್ಟಿಲಲ್ಲಿ ಮಲಗಿಸಿ, ಬಾಗಿಲಿಗೆ ಬೀಗ ಹಾಕಿ ಬಸ್ ಸ್ಟಾಪಿಗೆ ಹೋದಳು. ಎಲ್ಲಿಗಾದರೂ ಸರಿ, ಮತ್ತೆ ಬರಬಾರದು ಅಂತಲೇ. ಮೊದಲ ಬಸ್ಸು ಬಂತು, ತುಂಬಿತ್ತು. ಎರಡನೆಯದಕ್ಕೆ ಕೈ ಮಾಡಿದಳು, ನಿಲ್ಲಲಿಲ್ಲ.

ಅಷ್ಟರಲ್ಲಿ ಹೊರಗೆ ಕೂಸು ಎಚ್ಚೆತ್ತು ಜೋರಾಗಿ ಅಳತೊಡಗಿತು. ಸೊಸೆ ಒಂದು ಕ್ಷಣ ತಡೆದು, ಮತ್ತೆ ಮುಂದುವರಿಸಿದಳು. ಮೂರನೇ ಬಸ್ಸು ಬಂದು ನಿಂತೇ ಬಿಟ್ಟಿತು. ಆಗ ಎದೆಯಲ್ಲಿ ಹಾಲಿಳಿದು ಬಟ್ಟೆಯೆಲ್ಲ ಒದ್ದೆಯಾಯಿತು. ಎದೆಗೆ ಕೈ ಅಡ್ಡ ಹಿಡಿದುಕೊಂಡು ಮನೆಗೆ ಓಡಿದಳು. ಒಟ್ಟು ಹನ್ನೊಂದು ನಿಮಿಷ.

“ವಾಪಸ್ ಬಂದ್ರಲ್ಲ, ಅದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ,” ಎಂದಳು ಸಮಾಲೋಚಕಿ.

ಆರು ಸಲ ಬಂದ ಮೇಲೆ ಸೊಸೆಗೆ ನಿದ್ದೆ ಬರತೊಡಗಿತು. ಫೈಲು ಬೀರು ಸೇರಿತು.

ಮೂರು ವರ್ಷದ ನಂತರ ಸಮಾಲೋಚಕಿಗೆ ಕೋರ್ಟಿನಿಂದ ಸಮನ್ಸ್ ಬಂತು. ಆ ಸೊಸೆ, ಅವಳ ಗಂಡ ಬೇರೆಯಾಗಿದ್ದರು. ಮಗು ಯಾರ ಹತ್ತಿರ ಇರಬೇಕೆಂಬುದು ವ್ಯಾಜ್ಯ. ಗಂಡನ ವಕೀಲರು ಫೈಲು ಕೇಳಿದರು. ಸಮಾಲೋಚಕಿ ಎದ್ದು ನಿಂತು, “ಕೊಡಲ್ಲ, ಹೇಳೋದೂ ಇಲ್ಲ,” ಎಂದಳು. ವಕೀಲರು ಗದರಿಸಿ ನೋಡಿದರು. ನ್ಯಾಯಾಧೀಶರು ಕನ್ನಡಕ ತೆಗೆದು, “ಅವರು ಹೇಳಬೇಕಾಗಿಲ್ಲ. ಕೂತ್ಕೊಳ್ಳಿ,” ಎಂದರು. ಎದುರು ಸಾಲಿನಿಂದ ಸೊಸೆ ಅವಳತ್ತ ನೋಡಿ ಸಣ್ಣಗೆ ತಲೆಯಾಡಿಸಿದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅಷ್ಟು ಹೆಮ್ಮೆ ಅವಳಿಗೆ ಎಂದೂ ಆಗಿರಲಿಲ್ಲ. ಆ ಹೆಮ್ಮೆಗೆ ಹತ್ತು ನಿಮಿಷದ ಆಯುಸ್ಸು.

ಮುಂದಿನ ಸಾಕ್ಷಿ ಅತ್ತೆ.

“ಸುಳ್ಳು ಯಾಕೆ ಹೇಳ್ಲಿ ಸ್ವಾಮಿ. ಬೆಂಚಿನ ಮೇಲೆ ಕೂತಿದ್ದೆ, ಒಳಗಿನ ಮಾತು ಕೇಳಿಸ್ತು. ಕದ್ದು ಕೇಳಿದ್ದಲ್ಲ. ಕಿವಿಗೇನು ಬಾಗಿಲಿದ್ಯಾ, ಹಾಕ್ಕೊಳ್ಳೋಕೆ?” ಸೋಮವಾರ, ತೊಟ್ಟಿಲು, ಬೀಗ, ಮತ್ತೆ ಬರಬಾರದು ಎಂಬ ಮಾತು, ತುಂಬಿದ ಬಸ್ಸು, ಕೈ ಮಾಡಿದ ಬಸ್ಸು. ಒಂದಕ್ಷರ ಆಚೀಚೆಯಿಲ್ಲದೆ ಒಪ್ಪಿಸಿದರು.

ಸೊಸೆಯ ವಕೀಲರು ಹಾರಿ ಎದ್ದರು. “ಸ್ವಾಮಿ, ಇದು ಗೋಪ್ಯ ಮಾತುಕತೆ!”

“ಕಾನೂನು ಬೀಗ ಹಾಕಿರೋದು ಸಮಾಲೋಚಕರ ಬಾಯಿಗೆ,” ಎಂದರು ನ್ಯಾಯಾಧೀಶರು. “ಬೆಂಚಿಗಲ್ಲ.” ಅತ್ತೆಯ ಕಡೆ ತಿರುಗಿ, “ಆಮೇಲೆ?” ಎಂದರು.

“ಆಮೇಲೆ ಕೂಸು ಎದ್ದು ಅಳೋಕೆ ಹತ್ತಿತು. ಎತ್ಕೊಂಡು ಆ ಕಡೆ ಓಡಾಡಿಸ್ದೆ. ಮುಂದಿಂದು ನನಗೆ ಕೇಳಿಲ್ಲ.”

ಮುಂದಿನದು ಗೊತ್ತಿದ್ದವರು ಇಬ್ಬರೇ. ಸೊಸೆಯ ವಕೀಲರು ಐದು ನಿಮಿಷ ಬಿಡುವು ಕೇಳಿದರು. ಸಮಾಲೋಚಕಿ ಮೊಗಸಾಲೆಯಲ್ಲಿ ಸೊಸೆಯ ಬಳಿಗೆ ಹೋದಳು.

“ನೀವು ಒಪ್ಪಿದ್ರೆ ಉಳಿದದ್ದನ್ನ ನಾನು ಹೇಳ್ತೀನಿ. ಮೂರನೇ ಬಸ್ಸು. ನೀವು ಓಡಿ ಬಂದಿದ್ದು.”

“ಹಾಲಿಳಿದಿದ್ದು ಕೂಡ?”

“ಅದನ್ನೂ ಹೇಳಿದ್ರೆ ನಂಬ್ತಾರೆ.”

“ನನ್ನದು ಅಂತ ಉಳಿದಿರೋದು ಅದೊಂದೇ. ಅದನ್ನೂ ಇವರೆಲ್ಲರ ಮುಂದೆ ಬಿಚ್ಚಿಡಬೇಕಾ?” ಸೊಸೆಯ ಧ್ವನಿ ಏರಲಿಲ್ಲ. “ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ ಅಂದ್ರಿ. ನಂಬಿದೆ. ನಿಮ್ಮ ಬಾಯಿ ಗಟ್ಟಿ ಮೇಡಂ, ಬೈಯಲ್ಲ. ಗೋಡೆ ಗಟ್ಟಿ ಇದೆಯಾ ಅಂತ ನಾನು ನೋಡ್ಬೇಕಿತ್ತಾ, ನೀವು ನೋಡ್ಬೇಕಿತ್ತಾ?”

ಅವಳು ಒಪ್ಪಿಗೆ ಕೊಡಲಿಲ್ಲ. ಮಗು ತಂದೆಯ ಮನೆಗೆ ಹೋಯಿತು. ತಾಯಿಗೆ ತಿಂಗಳಿಗೆ ಎರಡು ಭಾನುವಾರ ನೋಡುವ ಅವಕಾಶ ಸಿಕ್ಕಿತು.

ತೀರ್ಪಿನ ಮರುದಿನ ಬೆಳಿಗ್ಗೆ ಸಮಾಲೋಚಕಿ ಕಿವಿ ಪರೀಕ್ಷೆ ವಿಭಾಗದ ಗೆಳೆಯನನ್ನು ಶಬ್ದ ಅಳೆಯುವ ಮೀಟರಿನ ಸಮೇತ ಕರೆತಂದಳು. ಪಕ್ಕದ ಹದಿನೆಂಟನೇ ಕೋಣೆಯಲ್ಲಿ ಅದೇ ಕಾಲದ, ರಿಪೇರಿ ಕಾಣದ ಫ್ಯಾನು ಕಟಕಟಿಸುತ್ತಿತ್ತು. ಅದರಡಿ ಹಿಡಿದಾಗ ಐವತ್ತೆಂಟು ಡೆಸಿಬಲ್.

“ಇಷ್ಟು ಗದ್ದಲ ಇದ್ರೆ ಬೆಂಚಿಗೆ ಗುಜುಗುಜು ಅನ್ನೋದಷ್ಟೇ ಮುಟ್ಟುತ್ತೆ, ಮಾತು ಬಿಡಿಸಿ ಕೇಳಲ್ಲ,” ಎಂದ ಅವನು. “ಗೋಡೆಗೆ ಕಿವಿ ಇದೆ ಅಂತಾರೆ. ನಿಮ್ಮ ಗೋಡೆಗೆ ಬಾಯೇ ಇದೆ ಮೇಡಂ. ರಿಪೇರಿ ಆಗೋವರೆಗೆ ಇಂಥದೇ ಹಾಳು ಫ್ಯಾನು ಅದನ್ನ ಮುಚ್ಕೊಂಡು ಕೂತಿತ್ತು.”

ಅವಳು ಅವನನ್ನು ತನ್ನ ಕೋಣೆಯಲ್ಲಿ ಸೊಸೆ ಕೂರುತ್ತಿದ್ದ ಕುರ್ಚಿಯ ಮೇಲೆ ಕೂರಿಸಿ, ಫ್ಯಾನು ಹಾಕಿ, ದಿನಪತ್ರಿಕೆಯನ್ನು ಸಾಧಾರಣ ಧ್ವನಿಯಲ್ಲಿ ಓದಲು ಹೇಳಿದಳು. ಬಾಗಿಲು ಎಳೆದುಕೊಂಡು ಹೊರಗೆ ಬಂದು ಮೊದಲ ಬಾರಿಗೆ ಆ ಬೆಂಚಿನ ಮೇಲೆ ಕೂತಳು. ನಾಳೆ ಒಣಹವೆ, ಗಾಳಿ ಪಶ್ಚಿಮದಿಂದ ಎಂದು ಒಳಗಿನಿಂದ ಕೇಳಿಸಿತು. ಒಂದಕ್ಷರ ತಪ್ಪಲಿಲ್ಲ. ಮೀಟರನ್ನು ಕಿವಿಯ ಎತ್ತರಕ್ಕೆ ಹಿಡಿದು, ಅಂಕಿ ನಿಲ್ಲುವವರೆಗೆ ಕಾದು, ನಂಬರು ಮಾತ್ರ ಇದ್ದ ಆ ಹಳೆಯ ಫೈಲಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡಳು: ನಲವತ್ತಾರು ಡೆಸಿಬಲ್.